ಅಮೆರಿಕದಲ್ಲಿ ಹುಟ್ಟಿದ ಮಗು ಯಾವ ದೇಶದ್ದು? ಇವತ್ತಿನ ಜಗಳಕ್ಕೆ 1857ರ ಬೇರು

2025ರ ಜನವರಿ ಕೊನೆಯ ವಾರ. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯ ಅಮ್ಮ ಕಾಂಪೌಂಡ್ ಹತ್ತಿರ ನಿಲ್ಲಿಸಿಕೊಂಡು ಕೇಳಿದರು: “ಅಲ್ಲಪ್ಪಾ, ಇನ್ಮೇಲೆ ಹುಟ್ಟೋ ಮಗೂಗೂ ವೀಸಾ ಬೇಕಂತಲ್ಲ, ನಿಜವಾ?”

ಅವರ ಮಗಳು ಇರುವುದು ನ್ಯೂಜೆರ್ಸಿಯಲ್ಲಿ. ಅಳಿಯನದು ಎಚ್‌-1ಬಿ, ಅಂದರೆ ಕೆಲಸದ ವೀಸಾ; ಮಗಳದು ಅದರ ಜೊತೆಗೆ ಹೆಂಡತಿಗೆ ಸಿಗುವ ಎಚ್‌-4. ಡಾಕ್ಟರು ಮಾರ್ಚ್ ಮೊದಲ ವಾರಕ್ಕೆ ದಿನ ಕೊಟ್ಟಿದ್ದರು. ಬಾಣಂತನಕ್ಕೆ ಹೊರಡಲು ಅಮ್ಮನ ಟಿಕೆಟ್ಟೂ ಆಗಿತ್ತು, ಬಾಣಂತಿ ಖಾರದ ಪುಡಿ ಡಬ್ಬಿಗೂ ಸೇರಿತ್ತು. ಅಷ್ಟರಲ್ಲಿ ಮಗಳು ಫೋನ್ ಮಾಡಿ, ಫೆಬ್ರವರಿ 19ಕ್ಕೆ ಮುಂಚೆಯೇ ಹೆರಿಗೆ ಮಾಡಿಸಲು ಆಗುತ್ತದಾ ಎಂದು ಡಾಕ್ಟರನ್ನು ಕೇಳಿದ್ದಾಗಿ ಹೇಳಿ ಅತ್ತಳಂತೆ.

ಅವರ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ನನಗೆ ಆಗಲಿಲ್ಲ. ಅಮೆರಿಕದ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಮಗುವಿಗೆ ಅಲ್ಲಿನ ಪೌರತ್ವ ಸಿಗಬೇಕೇ ಎಂಬ ಈ ಜಗಳ ಟ್ರಂಪ್ ಅವರಿಂದ ಶುರುವಾದದ್ದಲ್ಲ, ಎಚ್‌-1ಬಿಯಿಂದಲೂ ಅಲ್ಲ. ಅದರ ಬೇರು ಗುಲಾಮಗಿರಿಯ ಕಾಲದ ಒಂದು ಕೋರ್ಟು ತೀರ್ಪಿನಲ್ಲಿದೆ. ಅಲ್ಲಿಂದ ಹಿಡಿದು ಬಂದರೆ ಮಾತ್ರ ಇವತ್ತಿನ ವಾದಗಳು ಅರ್ಥವಾಗುತ್ತವೆ.

ಆದೇಶದಲ್ಲಿ ಇದ್ದದ್ದೇನು?

ಡೊನಾಲ್ಡ್ ಟ್ರಂಪ್ ಎರಡನೇ ಬಾರಿ ಅಧ್ಯಕ್ಷರಾದ ದಿನವೇ, 2025ರ ಜನವರಿ 20ರಂದು, ಒಂದು ಕಾರ್ಯಾದೇಶಕ್ಕೆ ಸಹಿ ಹಾಕಿದರು. ಕಾರ್ಯಾದೇಶ ಎಂದರೆ ಸರ್ಕಾರಿ ಇಲಾಖೆಗಳು ಹೀಗೆ ನಡೆದುಕೊಳ್ಳಬೇಕು ಎಂದು ಅಧ್ಯಕ್ಷರು ಕೊಡುವ ಅಪ್ಪಣೆ. ಅದು ಸಂಸತ್ತು ಮಾಡಿದ ಕಾನೂನಲ್ಲ, ಸಂವಿಧಾನದ ತಿದ್ದುಪಡಿಯಂತೂ ಅಲ್ಲವೇ ಅಲ್ಲ.

ಸಹಿಯಾಗಿ 30 ದಿನ ಕಳೆದ ಮೇಲೆ, ಅಂದರೆ ಫೆಬ್ರವರಿ 19ರ ನಂತರ, ಹುಟ್ಟುವ ಎರಡು ಬಗೆಯ ಮಕ್ಕಳನ್ನು ಅಮೆರಿಕದ ಪೌರರೆಂದು ಇಲಾಖೆಗಳು ಒಪ್ಪಬಾರದು ಎಂದು ಆ ಆದೇಶ ಹೇಳಿತು. ತಾಯಿ ಕಾನೂನುಬಾಹಿರವಾಗಿ ಅಲ್ಲಿದ್ದು, ತಂದೆ ಪೌರನೂ ಅಲ್ಲ, ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಹೊಂದಿದವನೂ ಅಲ್ಲ ಎಂದಾದರೆ ಆ ಮಗು. ತಾಯಿ ಕಾನೂನುಬದ್ಧವಾಗಿಯೇ, ಆದರೆ ತಾತ್ಕಾಲಿಕವಾಗಿ, ಅಂದರೆ ಓದಿಗೆ, ಕೆಲಸಕ್ಕೆ ಅಥವಾ ಪ್ರವಾಸಕ್ಕೆ ಬಂದಿದ್ದು, ತಂದೆ ಮೇಲೆ ಹೇಳಿದಂತೆಯೇ ಇದ್ದರೆ ಆ ಮಗುವೂ. ನಮ್ಮ ಕಡೆಯ ಸಾವಿರಾರು ಮನೆಗಳಿಗೆ ನಡುಕ ಹುಟ್ಟಿಸಿದ್ದು ಈ ಎರಡನೇ ಸಾಲು.

ಆದೇಶ ಬಂದ ಮೂರೇ ದಿನಕ್ಕೆ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶ ಜಾನ್ ಕೂಗನೂರ್ ತಡೆಯಾಜ್ಞೆ ಕೊಟ್ಟರು. ಇದು ಎದ್ದು ಕಾಣುವಷ್ಟು ಸಂವಿಧಾನ ವಿರೋಧಿ ಎಂದರು. ಅವರನ್ನು ನೇಮಿಸಿದ್ದು ಟ್ರಂಪ್ ಅವರದೇ ಪಕ್ಷದ ರೊನಾಲ್ಡ್ ರೇಗನ್.

ಒಂದು ವಾಕ್ಯ, ಅದರೊಳಗೊಂದು ಷರತ್ತು

ಇಡೀ ಜಗಳ ನಿಂತಿರುವುದು ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯ ಮೊದಲ ವಾಕ್ಯದ ಮೇಲೆ. ಅದರ ಸಾರ ಇಷ್ಟು: ಅಮೆರಿಕದಲ್ಲಿ ಹುಟ್ಟಿದ ಅಥವಾ ಅಲ್ಲಿ ಪೌರತ್ವ ಪಡೆದ, ಮತ್ತು ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಲ್ಲ ವ್ಯಕ್ತಿಗಳೂ ಅಮೆರಿಕದ ಪೌರರು, ತಾವು ವಾಸವಿರುವ ರಾಜ್ಯದ ಪೌರರು ಕೂಡ.

‘ಅಧಿಕಾರವ್ಯಾಪ್ತಿಗೆ ಒಳಪಟ್ಟ’ ಎಂದರೇನು? ಪೊಲೀಸ್ ಠಾಣೆಗೆ ದೂರು ಕೊಡಲು ಹೋದವರಿಗೆಲ್ಲ “ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ” ಎಂಬ ಮಾತು ಗೊತ್ತು. ಅಧಿಕಾರವ್ಯಾಪ್ತಿ ಅಂದರೆ ಆ ಲಿಮಿಟ್ಸ್. ಬಿಹಾರದಿಂದ ಬಂದವರಿರಲಿ, ಬ್ರೆಜಿಲ್‌ನಿಂದ ಬಂದವರಿರಲಿ, ಬೆಂಗಳೂರಿನಲ್ಲಿ ಸಿಗ್ನಲ್ ಹಾರಿಸಿದರೆ ದಂಡ ಬೀಳುತ್ತದೆ. ಇಲ್ಲಿರುವಷ್ಟು ಹೊತ್ತು ಅವರು ಇಲ್ಲಿನ ಕಾನೂನಿನ ಲಿಮಿಟ್ಸ್‌ನಲ್ಲಿದ್ದಾರೆ. ಆದರೆ ದೆಹಲಿಯ ಚಾಣಕ್ಯಪುರಿಯಲ್ಲಿ ನೀಲಿ ನಂಬರ್ ಪ್ಲೇಟಿನ ಕಾರಿನಲ್ಲಿ ಓಡಾಡುವ ವಿದೇಶಿ ರಾಯಭಾರಿಯನ್ನು ನಮ್ಮ ಕೋರ್ಟು ಹಾಗೆ ಕಟಕಟೆಗೆ ಎಳೆಯಲು ಬರುವುದಿಲ್ಲ. ಅವರು ಇಲ್ಲಿದ್ದೂ ಇಲ್ಲಿನ ಲಿಮಿಟ್ಸ್‌ಗೆ ಸೇರದವರು.

14ನೇ ತಿದ್ದುಪಡಿಯ ಷರತ್ತನ್ನು ಇಷ್ಟು ದಿನ ಹೀಗೆಯೇ ಓದಿಕೊಂಡು ಬರಲಾಗಿದೆ. ರಾಯಭಾರಿಯ ಮಗುವಿಗೆ ಪೌರತ್ವ ಇಲ್ಲ, ದಾಳಿಯಿಟ್ಟು ನೆಲ ಹಿಡಿದ ಶತ್ರು ಸೈನಿಕರ ಮಗುವಿಗೂ ಇಲ್ಲ. ಉಳಿದಂತೆ ಆ ನೆಲದಲ್ಲಿ ಹುಟ್ಟಿದ ಮಗುವಿಗೆ ಇದೆ. ಈ ಓದು ತಪ್ಪು ಎನ್ನುತ್ತದೆ ಟ್ರಂಪ್ ಸರ್ಕಾರ. ಅದರ ಪ್ರಕಾರ ಇಲ್ಲಿ ಬೇಕಾದದ್ದು ಬರೀ ಕಾನೂನಿಗೆ ತಲೆಬಾಗುವುದಲ್ಲ, ಆ ದೇಶಕ್ಕೇ ಪೂರ್ತಿ ನಿಷ್ಠೆ. ಲಾಡ್ಜಿನಲ್ಲಿ ರೂಮು ಹಿಡಿದವರು ಲಾಡ್ಜಿನ ನಿಯಮ ಪಾಲಿಸುತ್ತಾರೆ, ಹಾಗೆಂದು ಮಾಲೀಕರ ಮನೆಮಂದಿ ಆಗಿಬಿಡುವುದಿಲ್ಲವಲ್ಲ ಎಂಬ ಧಾಟಿಯ ವಾದ ಅದು.

ಯಾವ ಓದು ಸರಿ? ಆ ವಾಕ್ಯವನ್ನು ಯಾರು, ಯಾವ ಗಾಯಕ್ಕೆ ಮದ್ದೆಂದು ಬರೆದರು ಎಂಬುದನ್ನು ನೋಡದೆ ಹೇಳಲಾಗದು.

ಹಬೆದೋಣಿಯಲ್ಲಿ ಹುಟ್ಟಿದ ಎಲೈಜಾ

1787ರಲ್ಲಿ ಬರೆದ ಮೂಲ ಸಂವಿಧಾನದಲ್ಲಿ ‘ಪೌರ’ ಎಂಬ ಪದ ಬರುತ್ತದೆ, ಆದರೆ ಪೌರ ಅಂದರೆ ಯಾರು ಎಂಬ ವಿವರಣೆ ಇಲ್ಲ. ರಾಜನ ನೆಲದಲ್ಲಿ ಹುಟ್ಟಿದವರು ರಾಜನ ಪ್ರಜೆ ಎಂಬ ಇಂಗ್ಲೆಂಡಿನ ಹಳೆಯ ಪದ್ಧತಿಯನ್ನೇ ಜನ ಅನುಸರಿಸುತ್ತಿದ್ದರು. ಬಿಳಿಯರ ಮಟ್ಟಿಗೆ ಇದಕ್ಕೆ ತಕರಾರಿರಲಿಲ್ಲ. ಕರಿಯರು?

ಡ್ರೆಡ್ ಸ್ಕಾಟ್ ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದವನು. ಅವನ ಒಡೆಯ ಸೈನ್ಯದ ವೈದ್ಯ. ವರ್ಗವಾದ ಕಡೆಗೆಲ್ಲ ಇವನನ್ನೂ ಕರೆದೊಯ್ಯುತ್ತಿದ್ದ. ಹಾಗೆ ಗುಲಾಮಗಿರಿ ನಿಷೇಧವಿದ್ದ ಇಲಿನಾಯ್ ರಾಜ್ಯದಲ್ಲಿ ಸ್ಕಾಟ್ ವರ್ಷಗಟ್ಟಲೆ ಇದ್ದ. ಅಲ್ಲಿಂದ ಈಗಿನ ಮಿನೆಸೋಟದಲ್ಲಿರುವ ಫೋರ್ಟ್ ಸ್ನೆಲಿಂಗ್‌ಗೆ ಹೋದ. ಅದೂ ಗುಲಾಮಗಿರಿ ಇಲ್ಲದ ಸೀಮೆ. ಅಲ್ಲಿಯೇ ಹ್ಯಾರಿಯೆಟ್‌ಳನ್ನು ಮದುವೆಯಾದ. 1838ರಲ್ಲಿ ಅವರ ಮೊದಲ ಮಗಳು ಎಲೈಜಾ ಹುಟ್ಟಿದಾಗ ಗಂಡ ಹೆಂಡತಿ ಮಿಸಿಸಿಪ್ಪಿ ನದಿಯಲ್ಲಿ ಹಬೆದೋಣಿಯ ಮೇಲಿದ್ದರು. ದೋಣಿ ಆಗ ಮಿಸೌರಿ ರಾಜ್ಯದ ಗಡಿಗಿಂತ ಮೇಲಕ್ಕಿತ್ತು. ಅಂದರೆ ಸ್ವತಂತ್ರ ಸೀಮೆಯ ನೀರಿನ ಮೇಲೆ ಹುಟ್ಟಿದ ಕೂಸು ಅದು. ಮುಂದೆ ಮಿಸೌರಿಗೆ ಕರೆತಂದ ಮೇಲೆ ಆ ಕೂಸೂ ಗುಲಾಮಳೇ.

ಗಂಡ ಹೆಂಡತಿ 1846ರಲ್ಲಿ ಸೇಂಟ್ ಲೂಯಿಸ್ ಕೋರ್ಟಿನಲ್ಲಿ ಬಿಡುಗಡೆಗೆ ದಾವೆ ಹಾಕಿದರು. 1850ರಲ್ಲಿ ಗೆದ್ದರು, 1852ರಲ್ಲಿ ಮಿಸೌರಿಯ ಮೇಲಿನ ಕೋರ್ಟಿನಲ್ಲಿ ಸೋತರು. ಕೊನೆಗೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದರು. 1857ರ ಮಾರ್ಚ್ 6ರಂದು ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ತೀರ್ಪು ಓದಿದರು. ಗುಲಾಮರಾಗಿ ತಂದ ಆಫ್ರಿಕನ್ನರ ಸಂತತಿ, ಈಗ ಗುಲಾಮರಿರಲಿ ಸ್ವತಂತ್ರರಿರಲಿ, ಅಮೆರಿಕದ ಪೌರರು ಆಗಲಾರರು. ಪೌರನಲ್ಲದವನಿಗೆ ಈ ಕೋರ್ಟಿನ ಮೆಟ್ಟಿಲು ಹತ್ತುವ ಹಕ್ಕೇ ಇಲ್ಲ. ಏಳು ನ್ಯಾಯಮೂರ್ತಿಗಳು ಆ ಕಡೆ, ಇಬ್ಬರು ಈ ಕಡೆ.

ಅದೇ ನೆಲದಲ್ಲಿ ಹುಟ್ಟಿ, ಅಲ್ಲೇ ದುಡಿದು, ಅಲ್ಲೇ ಸಾಯುವವರು ಆ ನೆಲದವರಲ್ಲ. ಯಾಕೆಂದರೆ ಅವರ ಹೆತ್ತವರು ಯಾರು ಎಂಬುದು ಮುಖ್ಯ. ತೀರ್ಪಿನ ತಿರುಳು ಇದೇ. ಅಮೆರಿಕದ ನ್ಯಾಯಾಂಗ ಇತಿಹಾಸದಲ್ಲಿ ಇದಕ್ಕಿಂತ ಕೆಟ್ಟ ತೀರ್ಪು ಇನ್ನೊಂದಿಲ್ಲ ಎಂದು ಎಡ, ಬಲ ಎರಡೂ ಕಡೆಯವರು ಇವತ್ತು ಒಪ್ಪುತ್ತಾರೆ. ಡ್ರೆಡ್ ಸ್ಕಾಟ್‌ಗೆ ಅದೇ ವರ್ಷ ಬೇರೆ ದಾರಿಯಲ್ಲಿ ಬಿಡುಗಡೆ ಸಿಕ್ಕಿತು. ಮರುವರ್ಷ ಕ್ಷಯದಿಂದ ತೀರಿಕೊಂಡ.

1866ರಲ್ಲಿ ಆಡಿದ ಮಾತುಗಳು

ನಾಲ್ಕು ವರ್ಷದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. 13ನೇ ತಿದ್ದುಪಡಿ ಗುಲಾಮಗಿರಿಯನ್ನು ತೆಗೆದುಹಾಕಿತು. ಬಿಡುಗಡೆಯಾದವರು ಸುಮಾರು 40 ಲಕ್ಷ ಜನ. ಆದರೆ ಟೇನಿ ತೀರ್ಪು ಕಾಗದದ ಮೇಲೆ ಹಾಗೆಯೇ ಇತ್ತು. ಈ ಜನ ಯಾರ ಸೊತ್ತೂ ಅಲ್ಲ, ಸರಿ. ಆದರೆ ಯಾವ ದೇಶದವರು? 1866ರಲ್ಲಿ ಸಂಸತ್ತು ಅವರನ್ನು ಪೌರರೆಂದು ಸಾರುವ ಕಾನೂನು ಮಾಡಿತು. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ತಿರಸ್ಕರಿಸಿದರು, ಸಂಸತ್ತು ಮೂರನೇ ಎರಡು ಬಹುಮತದಿಂದ ಮತ್ತೆ ಪಾಸು ಮಾಡಿತು. ಆದರೂ ಒಂದು ಅಂಜಿಕೆ ಉಳಿದಿತ್ತು. ಈ ಸಂಸತ್ತು ಮಾಡಿದ್ದನ್ನು ಮುಂದಿನ ಸಂಸತ್ತು ಅಳಿಸಬಹುದು. ಅದಕ್ಕೇ ಆ ಮಾತನ್ನು ಸಂವಿಧಾನದಲ್ಲಿ ಕೆತ್ತಿಡಲು ಹೊರಟರು.

1866ರ ಮೇ 30ರಂದು ಮಿಶಿಗನ್‌ನ ಸೆನೆಟರ್ ಜೇಕಬ್ ಹೊವಾರ್ಡ್ ಈ ವಾಕ್ಯವನ್ನು ಸೆನೆಟ್‌ನಲ್ಲಿ ಮಂಡಿಸಿದರು. ಪೆನ್ಸಿಲ್ವೇನಿಯಾದ ಎಡ್ಗರ್ ಕೋವನ್ ಎದ್ದು ನಿಂತು ಆಕ್ಷೇಪಿಸಿದರು: ಹಾಗಾದರೆ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಚೀನೀಯರ ಮಗುವೂ ಪೌರನೇ? ಅಲೆಮಾರಿ ಜಿಪ್ಸಿಗಳ ಮಗುವೂ? ಕ್ಯಾಲಿಫೋರ್ನಿಯಾದ ಸೆನೆಟರ್ ಜಾನ್ ಕಾನೆಸ್ ಉತ್ತರ ಕೊಟ್ಟರು. ಅವರೇ ಐರ್ಲೆಂಡಿನಲ್ಲಿ ಹುಟ್ಟಿ ವಲಸೆ ಬಂದವರು. ಹೌದು, ಚೀನೀ ಹೆತ್ತವರ ಮಕ್ಕಳೂ ಪೌರರಾಗಲಿ, ಅದಕ್ಕೆ ನನ್ನ ಒಪ್ಪಿಗೆ ಇದೆ ಎಂದರು.

ಈ ಪ್ರಸಂಗವನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ. ಕರಿಯರಿಗಾಗಿ ಬರೆದ ವಾಕ್ಯ ವಲಸಿಗರ ಮಕ್ಕಳಿಗೆ ಹೊಂದುವುದಿಲ್ಲ ಎಂದು ಇವತ್ತು ಟಿವಿಯಲ್ಲಿ ವಾದ ನಡೆಯುತ್ತದೆ. ಬರೆದ ದಿನವೇ ಆ ಪ್ರಶ್ನೆ ಎದ್ದಿತ್ತು, ಉತ್ತರವೂ ಬಂದಿತ್ತು, ಆಮೇಲೆಯೇ ವಾಕ್ಯ ಪಾಸಾಯಿತು. ಆದರೆ ಅದೇ ಚರ್ಚೆಯಲ್ಲಿ ಇಲಿನಾಯ್‌ನ ಸೆನೆಟರ್ ಲೈಮನ್ ಟ್ರಂಬುಲ್, ‘ಅಧಿಕಾರವ್ಯಾಪ್ತಿ’ ಎಂದರೆ ಬೇರೆ ಯಾರಿಗೂ ನಿಷ್ಠೆ ಸಲ್ಲಿಸದಿರುವುದು ಎಂಬ ಅರ್ಥದ ಮಾತನ್ನೂ ಆಡಿದ್ದರು. ಮೂಲ ಬುಡಕಟ್ಟುಗಳ ವಿಷಯ ಬಂದಾಗ ಆಡಿದ ಮಾತು ಅದು. ಈಗಿನ ಸರ್ಕಾರ ಎತ್ತಿ ಹಿಡಿಯುವುದು ಆ ಮಾತನ್ನು. ತಿದ್ದುಪಡಿ 1868ರ ಜುಲೈಯಲ್ಲಿ ಜಾರಿಗೆ ಬಂತು.

ಆ ಷರತ್ತಿನಿಂದ ನಿಜವಾಗಿ ಹೊರಗುಳಿದವರು ಮೂಲನಿವಾಸಿಗಳೇ. ಅವರ ಬುಡಕಟ್ಟುಗಳನ್ನು ಬೇರೆಯೇ ರಾಷ್ಟ್ರಗಳಂತೆ ಕಾಣಲಾಗುತ್ತಿತ್ತು. ಬುಡಕಟ್ಟು ಬಿಟ್ಟು ಬಂದು ಒಮಾಹಾ ಊರಿನಲ್ಲಿ ನೆಲೆಸಿದ್ದ ಜಾನ್ ಎಲ್ಕ್ ಮತ ಹಾಕಲು ಹೋದಾಗ ತಡೆದರು; 1884ರಲ್ಲಿ ಸುಪ್ರೀಂ ಕೋರ್ಟೂ ಅವನನ್ನು ಪೌರನಲ್ಲ ಎಂದಿತು. ಅವರೆಲ್ಲರಿಗೂ ಪೌರತ್ವ ಬಂದದ್ದು 1924ರ ಕಾನೂನಿನಿಂದ. ಆ ನೆಲ ಮೊದಲು ಯಾರದೋ ಅವರಿಗೇ ಕೊನೆಯ ಸರದಿ.

ಹಡಗಿನಲ್ಲಿ ಸಿಕ್ಕಿಬಿದ್ದ ಅಡುಗೆಯವ

ಈಗ ಎಲ್ಲರ ಬಾಯಲ್ಲಿರುವ ಹೆಸರು ವಾಂಗ್ ಕಿಮ್ ಆರ್ಕ್. 1873ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಚೈನಾಟೌನ್‌ನಲ್ಲಿ, ಸ್ಯಾಕ್ರಮೆಂಟೋ ಸ್ಟ್ರೀಟಿನ ಮನೆಯಲ್ಲಿ ಹುಟ್ಟಿದವನು. ಹೆತ್ತವರು ವ್ಯಾಪಾರಸ್ಥರು. ಅವನು ಅಡುಗೆ ಕೆಲಸ ಮಾಡುತ್ತಿದ್ದ. ರೈಲು ಹಳಿ ಹಾಕಲು, ಗಣಿ ತೋಡಲು ಚೀನೀಯರು ಬೇಕಾಗಿದ್ದ ಕಾಲ ಅಷ್ಟರಲ್ಲಿ ಮುಗಿದಿತ್ತು. 1882ರ ಕಾನೂನು ಚೀನೀ ಕೂಲಿಗಾರರು ದೇಶದೊಳಕ್ಕೆ ಬಾರದಂತೆ ಬಾಗಿಲು ಹಾಕಿತು. ಒಳಗಿರುವ ಚೀನೀಯರೂ ಪೌರತ್ವ ಪಡೆಯುವಂತಿರಲಿಲ್ಲ.

1894ರಲ್ಲಿ ವಾಂಗ್ ಚೀನಾಕ್ಕೆ ಹೋಗಿಬರಲು ಹೊರಟ. ಇವನು ಇಲ್ಲಿಯೇ ಹುಟ್ಟಿದವನು ಎಂದು ಬಿಳಿಯರು ಸಾಕ್ಷಿ ಸಹಿ ಹಾಕಿದ ಕಾಗದವನ್ನು ಜೊತೆಗಿಟ್ಟುಕೊಂಡ. 1895ರ ಆಗಸ್ಟ್‌ನಲ್ಲಿ ‘ಕಾಪ್ಟಿಕ್’ ಹಡಗಿನಲ್ಲಿ ವಾಪಸು ಬಂದಾಗ ಸುಂಕದ ಅಧಿಕಾರಿ ಇಳಿಯಗೊಡಲಿಲ್ಲ. ಕಾಗದ ಇದ್ದರೇನು, ನಿನ್ನ ಹೆತ್ತವರು ಚೀನೀ ಚಕ್ರವರ್ತಿಯ ಪ್ರಜೆಗಳು, ಹಾಗಾಗಿ ನೀನೂ ಪೌರನಲ್ಲ ಎಂಬ ವಾದ. ಹುಟ್ಟಿದ ಊರು ಕಣ್ಣೆದುರಿಗಿತ್ತು. ಒಂದು ಹಡಗಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತ ತಿಂಗಳುಗಟ್ಟಲೆ ಅವನನ್ನು ನೀರಿನ ಮೇಲೆಯೇ ಇಟ್ಟರು.

ಕೆಳಗಿನ ಕೋರ್ಟು ಅವನ ಪರ ತೀರ್ಪು ಕೊಟ್ಟಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರದ ಪರ ನಿಂತ ವಕೀಲ ಹೋಮ್ಸ್ ಕಾನ್ರಾಡ್, ಅಂತರ್ಯುದ್ಧದಲ್ಲಿ ಗುಲಾಮಗಿರಿಯ ರಾಜ್ಯಗಳ ಸೈನ್ಯದಲ್ಲಿ ಕಾದಾಡಿದ್ದವರು. 1898ರ ಮಾರ್ಚ್ 28ರಂದು 6-2ರಲ್ಲಿ ತೀರ್ಪು ಬಂತು: ವಾಂಗ್ ಅಮೆರಿಕದ ಪೌರ. ನ್ಯಾಯಮೂರ್ತಿ ಹೊರೇಸ್ ಗ್ರೇ ಕೊಟ್ಟ ಕಾರಣಗಳಲ್ಲಿ ಒಂದು ತೀರಾ ಸರಳ. ಹೆತ್ತವರು ಬೇರೆ ದೇಶದ ಪ್ರಜೆಗಳು ಎಂಬ ಕಾರಣಕ್ಕೆ ಇವನಿಗೆ ಪೌರತ್ವ ಇಲ್ಲವೆಂದರೆ, ಇಂಗ್ಲಿಷ್, ಸ್ಕಾಟಿಷ್, ಐರಿಷ್, ಜರ್ಮನ್ ವಲಸಿಗರಿಗೆ ಇಲ್ಲಿ ಹುಟ್ಟಿದ ಸಾವಿರಾರು ಮಕ್ಕಳಿಗೂ ಇಲ್ಲವೆನ್ನಬೇಕಾಗುತ್ತದೆ.

ನಮ್ಮ ದೇಶದವರು ಈ ಕಥೆಗೆ ಬಂದದ್ದು

ಭಗತ್ ಸಿಂಗ್ ಥಿಂದ್ ಪಂಜಾಬಿನಿಂದ ಹೋದವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದವರು. ಆಗಿನ ಕಾನೂನಿನಂತೆ, ವಲಸೆ ಬಂದು ಪೌರತ್ವ ಪಡೆಯಲು ‘ಬಿಳಿಯ’ರಾಗಿರಬೇಕಿತ್ತು, ಇಲ್ಲವೇ ಆಫ್ರಿಕನ್ ಮೂಲದವರು. ಭಾರತೀಯರು ‘ಬಿಳಿಯ’ರ ಲೆಕ್ಕಕ್ಕೆ ಬರುವುದಿಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪಿತ್ತಿತು. ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಂಡರು.

ಪೌರತ್ವ ಪಡೆಯಲಾಗದವರು ಜಮೀನು ಕೊಳ್ಳುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ 1913ರಲ್ಲೇ ಕಾನೂನು ಮಾಡಿತ್ತು. ಆಗ ಪಂಜಾಬಿ, ಜಪಾನಿ ರೈತರು ಏನು ಮಾಡಿದರು ಗೊತ್ತೇ? ಅಲ್ಲೇ ಹುಟ್ಟಿದ ಮಕ್ಕಳ ಹೆಸರಿಗೆ ಜಮೀನು ಬರೆಸಿದರು. ಅಪ್ಪನಿಗೆ ಕಾಲೂರಲು ಜಾಗವಿಲ್ಲದ ಊರಿನಲ್ಲಿ ಮಗು ಭೂಮಾಲೀಕ. ಅಡುಗೆಯವ ವಾಂಗ್ ಗೆದ್ದ ಕೇಸು ಇಲ್ಲದಿದ್ದರೆ ಇದು ಸಾಧ್ಯವೇ ಇರಲಿಲ್ಲ. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ 100 ಜನ ವಲಸೆ ಬರಬಹುದು ಎಂಬ ಮಿತಿಯೊಂದಿಗೆ. 1965ರ ಕಾನೂನಿನಿಂದ ದಾರಿ ಅಗಲವಾಯಿತು. ಎಚ್‌-1ಬಿ ಬಂದದ್ದು 1990ರ ಕಾನೂನಿನಲ್ಲಿ.

‘ನೆಲೆ’ ಎಂಬ ಪದದ ಸುತ್ತ

ಟ್ರಂಪ್ ಸರ್ಕಾರ ವಾಂಗ್ ತೀರ್ಪನ್ನು ತಪ್ಪು ಎನ್ನುವುದಿಲ್ಲ, ಅದರ ವ್ಯಾಪ್ತಿ ಕಿರಿದು ಎನ್ನುತ್ತದೆ. ವಾಂಗ್‌ನ ಹೆತ್ತವರು ಅಮೆರಿಕದಲ್ಲಿ ಕಾಯಂ ನೆಲೆ ಹೊಂದಿದ್ದರು ಎಂದು ತೀರ್ಪಿನಲ್ಲಿಯೇ ಇದೆ. ಆದ್ದರಿಂದ ಅದು ನೆಲೆಸಿದವರ ಮಕ್ಕಳಿಗಷ್ಟೇ, ಬಂದುಹೋಗುವವರ ಮಕ್ಕಳಿಗಲ್ಲ ಎಂಬುದು ಸರ್ಕಾರದ ವಾದ. ಹೆರಿಗೆಗೆಂದೇ ಪ್ರವಾಸಿ ವೀಸಾದಲ್ಲಿ ಬರುವವರಿದ್ದಾರೆ, ಗಡಿ ದಾಟಿ ನುಸುಳುವವರಿದ್ದಾರೆ, ಅವರ ಮಕ್ಕಳಿಗೆ ತಾನಾಗಿಯೇ ಪೌರತ್ವ ಸಿಗಬೇಕೆಂದು 1868ರವರು ಎಣಿಸಿರಲಿಲ್ಲ ಎನ್ನುತ್ತದೆ.

ಎದುರು ಪಕ್ಷದವರು ತಿದ್ದುಪಡಿಯ ವಾಕ್ಯವನ್ನೇ ತೋರಿಸುತ್ತಾರೆ. ಅದರಲ್ಲಿ ಹೆತ್ತವರ ಮಾತೇ ಇಲ್ಲ, ನೆಲೆಯ ಮಾತೂ ಇಲ್ಲ; ಇರುವುದು ಹುಟ್ಟಿದ ವ್ಯಕ್ತಿ ಮಾತ್ರ. ‘ಕಾನೂನುಬಾಹಿರವಾಗಿ ಬಂದವರು’ ಆಗ ಇರಲಿಲ್ಲ ಎಂಬುದೂ ಪೂರ್ತಿ ಸರಿಯಲ್ಲ. ಹೊರಗಿನಿಂದ ಗುಲಾಮರನ್ನು ತರುವುದನ್ನು 1808ರಿಂದಲೇ ನಿಷೇಧಿಸಲಾಗಿತ್ತು. ಆದರೂ 1860ರಲ್ಲಿ ‘ಕ್ಲೊಟಿಲ್ಡಾ’ ಹಡಗು ನೂರಕ್ಕೂ ಹೆಚ್ಚು ಆಫ್ರಿಕನ್ನರನ್ನು ಕದ್ದುಮುಚ್ಚಿ ಅಲಬಾಮಾಕ್ಕೆ ತಂದಿತ್ತು. ಹಾಗೆ ಕಳ್ಳದಾರಿಯಲ್ಲಿ ತಂದವರ ಮಕ್ಕಳೂ 14ನೇ ತಿದ್ದುಪಡಿಯ ಪೌರರೇ.

ನಮ್ಮವರ ಮಟ್ಟಿಗೆ ‘ತಾತ್ಕಾಲಿಕ’ ಎಂಬ ಪದವೇ ದೊಡ್ಡ ತೊಡಕು. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದೇ ದೇಶದವರಿಗೆ ಶೇ 7ರ ಮಿತಿ. ಹಾಗಾಗಿ ಭಾರತೀಯರ ಸಾಲು ದಶಕಗಟ್ಟಲೆ ಉದ್ದ. ಮನೆ ಕೊಂಡು, ತೆರಿಗೆ ಕಟ್ಟುತ್ತ 15 ವರ್ಷ ಅಲ್ಲೇ ಇದ್ದವರೂ ಕಾಗದದ ಮೇಲೆ ತಾತ್ಕಾಲಿಕ ನಿವಾಸಿಗಳೇ. 1898ರಲ್ಲಿ ಗ್ರೀನ್ ಕಾರ್ಡ್ ಎಂಬುದೇ ಇರಲಿಲ್ಲ. ಎಷ್ಟು ವರ್ಷ ಇದ್ದರೂ ವಾಂಗ್‌ನ ಹೆತ್ತವರು ಪೌರರಾಗುವಂತಿರಲಿಲ್ಲ. ಕೋರ್ಟು ನೋಡಿದ್ದು ಅವರು ಅಲ್ಲಿ ಬಾಳುತ್ತಿದ್ದರು ಎಂಬುದನ್ನು. ಈಗ ನೆಲೆ ಎಂಬುದನ್ನು ಬದುಕಿನಿಂದ ಅಳೆಯಬೇಕೋ, ಕಾರ್ಡಿನಿಂದಲೋ?

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ಮಗು ಅಮೆರಿಕದ ಪೌರ ಆದ ಮಾತ್ರಕ್ಕೆ ಹೆತ್ತವರಿಗೆ ಗ್ರೀನ್ ಕಾರ್ಡ್ ಸಿಗುವುದಿಲ್ಲ. ಹೆತ್ತವರ ಪರವಾಗಿ ಮಗು ಅರ್ಜಿ ಹಾಕಲು ಅದಕ್ಕೆ 21 ತುಂಬಬೇಕು.

ನಮ್ಮಲ್ಲಿ ಹೇಗೆ?

ನಮ್ಮಲ್ಲೂ ಮೊದಲು ಹೀಗೆಯೇ ಇತ್ತು. 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು, ಹೆತ್ತವರು ಯಾರೇ ಇರಲಿ, ಭಾರತೀಯರು. ಅಸ್ಸಾಂಗೆ ಬಂದ ವಲಸಿಗರ ವಿಷಯದಲ್ಲಿ ಆದ ಅಸ್ಸಾಂ ಒಪ್ಪಂದದ ಬೆನ್ನಿಗೆ ಬಂದ ತಿದ್ದುಪಡಿಯಿಂದ ಹೆತ್ತವರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕಾಯಿತು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿ: ಇಬ್ಬರೂ ಭಾರತೀಯರಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಹಾಗಾದರೆ ಅಮೆರಿಕದಲ್ಲೇಕೆ ಇಷ್ಟು ರಂಪ? ನಮ್ಮಲ್ಲಿ ಆ ನಿಯಮ ಇರುವುದು 1955ರ ಪೌರತ್ವ ಕಾಯ್ದೆಯಲ್ಲಿ. ಸಂಸತ್ತು ಸಾಮಾನ್ಯ ಬಹುಮತದಲ್ಲಿ ಬದಲಿಸಬಹುದು. ಅಲ್ಲಿ ಇರುವುದು ಸಂವಿಧಾನದಲ್ಲಿ. ಬದಲಿಸಬೇಕೆಂದರೆ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಬೇಕು, ಆಮೇಲೆ ನಾಲ್ಕನೇ ಮೂರರಷ್ಟು ರಾಜ್ಯಗಳು ಒಪ್ಪಬೇಕು. ಆ ಕಾಲದ ಬಹುಮತಕ್ಕೆ ಬೇಡವಾದವರ ಮಕ್ಕಳನ್ನು ಸುಲಭಕ್ಕೆ ಹೊರಹಾಕಬಾರದು ಎಂದೇ 1866ರವರು ಅದನ್ನು ಅಷ್ಟು ಎತ್ತರದಲ್ಲಿಟ್ಟರು. ಅದನ್ನು ಒಬ್ಬ ಅಧ್ಯಕ್ಷರ ಸಹಿಯಿಂದ ಬೇರೆ ರೀತಿ ಓದಿಸಬಹುದೇ ಎಂಬುದು ಈ ಪ್ರಕರಣದ ಒಳಗಿರುವ ಇನ್ನೊಂದು ಪ್ರಶ್ನೆ. ನನ್ನ ಮಟ್ಟಿಗೆ ಅದೇ ಹೆಚ್ಚು ಭಾರದ ಪ್ರಶ್ನೆ.

ಕೋರ್ಟಿನ ದಾರಿ, ಆಸ್ಪತ್ರೆಯ ಕಾಗದ

2025ರ ಜೂನ್ 27ರಂದು ಸುಪ್ರೀಂ ಕೋರ್ಟು 6-3ರಲ್ಲಿ ಕೊಟ್ಟ ತೀರ್ಪನ್ನು ನಮ್ಮಲ್ಲಿ ಹಲವರು ತಪ್ಪಾಗಿ ತಿಳಿದರು. ಆದೇಶ ಸರಿಯೋ ತಪ್ಪೋ ಎಂದು ಅದು ಹೇಳಲಿಲ್ಲ. ಜಿಲ್ಲಾ ಮಟ್ಟದ ಫೆಡರಲ್ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯಿಸುವ ತಡೆಯಾಜ್ಞೆ ಕೊಡುವುದಕ್ಕೆ ಮಿತಿ ಹಾಕಿತು, ಅಷ್ಟೆ. ಜುಲೈ 10ರಂದು ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶ ಜೋಸೆಫ್ ಲಾಪ್ಲಾಂಟ್, ಇಂಥ ಮಕ್ಕಳೆಲ್ಲರನ್ನೂ ಒಂದೇ ಗುಂಪು ದಾವೆಯಡಿ ತಂದು ಮತ್ತೆ ಆದೇಶವನ್ನು ತಡೆದರು. ಡಿಸೆಂಬರ್ 5ರಂದು ಸುಪ್ರೀಂ ಕೋರ್ಟು ಮೂಲ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಪ್ರಕರಣದ ಹೆಸರು ‘ಟ್ರಂಪ್ ವರ್ಸಸ್ ಬಾರ್ಬರಾ’.

ಅಲ್ಲಿ ಪೌರತ್ವ ಸಿಗದಿದ್ದರೆ ಭಾರತೀಯ ದಂಪತಿಯ ಮಗು ಯಾವ ದೇಶದ್ದೂ ಅಲ್ಲದೆ ಉಳಿಯಬೇಕಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ನೋಂದಾಯಿಸಿದರೆ, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಟ್ಟರೆ, ಮಗು ಭಾರತೀಯ. ಆದರೆ ತಾನು ಹುಟ್ಟಿದ ಊರಿನಲ್ಲಿ ಇರಲು ಆ ಮಗುವಿಗೆ ಆಗ ವೀಸಾ ಬೇಕಾಗುತ್ತದೆ. ಪಕ್ಕದ ಮನೆಯ ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆಯೇ.

ಅವರ ಮೊಮ್ಮಗಳು ಹುಟ್ಟಿದ್ದು ಮಾರ್ಚ್‌ನಲ್ಲಿ, ದಿನ ತುಂಬಿಯೇ. ತಡೆಯಾಜ್ಞೆ ಇದ್ದದ್ದರಿಂದ ಮೊದಲಿನ ನಿಯಮದಂತೆಯೇ ಎಲ್ಲ ನಡೆಯಿತು. ವಾಪಸು ಬಂದ ಮೇಲೆ ಮೊಬೈಲಿನಲ್ಲಿ ಮಗುವಿನ ಜನನ ಪತ್ರ ತೋರಿಸಿದರು. ಮಗುವಿನ ಹೆಸರು, ಹುಟ್ಟಿದ ದಿನ, ಊರು, ಅಪ್ಪ ಅಮ್ಮನ ಹೆಸರು. ಹೆತ್ತವರ ವೀಸಾ ಯಾವುದು ಎಂದು ಕೇಳುವ ಜಾಗ ಅದರಲ್ಲಿ ಇಲ್ಲ. ಇಷ್ಟು ವರ್ಷ ಅಮೆರಿಕದಲ್ಲಿ ಪೌರತ್ವ ತೋರಿಸಲು ಆ ಒಂದು ಹಾಳೆ ಸಾಕಾಗಿತ್ತು. ಆದೇಶ ಊರ್ಜಿತವಾದರೆ ಅಲ್ಲಿ ಮಗು ಹೆರುವ ಪ್ರತಿ ತಾಯಿ, ತಲೆತಲಾಂತರದಿಂದ ಅಲ್ಲೇ ಇರುವವಳು ಕೂಡ, ತಾನು ಯಾರೆಂದು ಇನ್ನೊಂದು ಕಾಗದ ತೋರಿಸಬೇಕಾಗುತ್ತದೆ.